ಮೂರು ಮಿಲಿಮೀಟರಿನ ಚುಕ್ಕೆ ಮತ್ತು ಮಗುವಿನ ಊಟ

ಕಳೆದ ವಾರ ನಮ್ಮ ಪ್ರಯೋಗಾಲಯಕ್ಕೆ ಬಂದ ರಕ್ತದ ಕಾರ್ಡೊಂದನ್ನು ನಾನು ಪರೀಕ್ಷೆಗೆ ತೆಗೆದುಕೊಳ್ಳಲಿಲ್ಲ. ಫೀನೈಲ್‌ಕೀಟೋನ್ಯೂರಿಯಾ, ಅಂದರೆ ಪಿಕೆಯು, ಇರುವ ಐದು ವರ್ಷದ ಹುಡುಗಿಯ ಕಾರ್ಡ್ ಅದು. ಊಟದ ಪ್ರೋಟೀನಿನಲ್ಲಿರುವ ಫೀನೈಲ್‌ಅಲನಿನ್ ಎಂಬ ಅಂಶವನ್ನು ದೇಹ ಸರಿಯಾಗಿ ಒಡೆಯಲಾರದ ಹುಟ್ಟುರೋಗ ಇದು; ಅದು ರಕ್ತದಲ್ಲಿ ಹೆಚ್ಚಾದರೆ ಮಿದುಳಿಗೆ ಹಾನಿ, ಹಾಗಾಗಿ ಅದನ್ನು ಆಗಾಗ ಅಳೆದು ಊಟ ನಿಗದಿ ಮಾಡಬೇಕು. ತಾಯಿಯೇ ಮನೆಯಲ್ಲಿ ಬೆರಳು ಚುಚ್ಚಿ, ಫಿಲ್ಟರ್ ಕಾಗದದ ವೃತ್ತಗಳಿಗೆ ರಕ್ತ ಹಾಕಿ, ಒಣಗಿಸಿ ಕೊರಿಯರ್ ಮಾಡಿದ್ದರು. ಎರಡು ವೃತ್ತಗಳಲ್ಲಿ ಹನಿಯ ಮೇಲೆ ಹನಿ ಬಿದ್ದು ಕಪ್ಪಗಾಗಿತ್ತು. ಉಳಿದೆರಡರಲ್ಲಿ ಬೆರಳನ್ನು ಒತ್ತಿ ಉಜ್ಜಿದ ಗುರುತಿತ್ತು, ಹಿಂಬದಿಗೆ ರಕ್ತ ಪೂರ್ತಿ ಇಳಿದೇ ಇರಲಿಲ್ಲ. ಫೋನ್ ಮಾಡಿದರೆ ಆ ತಾಯಿ, "ಮತ್ತೆ ಚುಚ್ಚಬೇಕಾ ಮೇಡಂ? ಮೂರು ಸಲ ಚುಚ್ಚಿದ್ದಕ್ಕೆ ಇಷ್ಟು ಬಂದದ್ದು" ಎಂದರು. ಪಕ್ಕದಲ್ಲಿದ್ದ ಸಹೋದ್ಯೋಗಿ, "ಇರುವುದರಲ್ಲೇ ಒಂದು ರಿಪೋರ್ಟ್ ಕೊಟ್ಟುಬಿಡಿ, ಪಾಪ" ಎಂದರು. ಆ ‘ಪಾಪ’ ಎಂಬ ಮಾತಿನ ಬಗ್ಗೆಯೇ ಈ ಬರಹ.

ನಾವು ಅಳೆಯುವುದು ಇಡೀ ಚುಕ್ಕೆಯನ್ನಲ್ಲ. ಅದರಿಂದ 3.2 ಮಿಲಿಮೀಟರ್ ಅಗಲದ ಒಂದು ಬಿಲ್ಲೆಯನ್ನು ಪಂಚ್ ಮಾಡಿ ತೆಗೆಯುತ್ತೇವೆ. ಅದರಲ್ಲಿ ಸುಮಾರು ಮೂರು ಮೈಕ್ರೋಲೀಟರ್ ರಕ್ತವಿದೆ ಎಂದು ನಂಬಿ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿ ಫೀನೈಲ್‌ಅಲನಿನ್ ಅಳೆಯುತ್ತೇವೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗಥ್ರಿ ಪಿಕೆಯು ಪತ್ತೆಗೆ ಕಾಗದದ ಮೇಲಿನ ರಕ್ತವನ್ನು ಬಳಸಿದಾಗಿನಿಂದ ಯಂತ್ರಗಳು ಎಷ್ಟೋ ಬದಲಾಗಿವೆ, ಆದರೆ ಈ ನಂಬಿಕೆ ಬದಲಾಗಿಲ್ಲ. ಒಂದೇ ಹನಿ ತಾನಾಗಿ ಹರಡಿ ವೃತ್ತವನ್ನು ತುಂಬಿದ್ದರೆ ಮಾತ್ರ ಅದು ನಿಜವಾಗುತ್ತದೆ. ಹನಿಯ ಮೇಲೆ ಹನಿ ಹಾಕಿದರೆ ಅದೇ ಬಿಲ್ಲೆಯಲ್ಲಿ ರಕ್ತ ಹೆಚ್ಚಿರುತ್ತದೆ, ಅಂಕಿ ಏರುತ್ತದೆ. ಒತ್ತಿದ ಚುಕ್ಕೆಯಲ್ಲಿ ರಕ್ತ ಪಕ್ಕಕ್ಕೆ ಸರಿದಿರುತ್ತದೆ, ಅಂಕಿ ಇಳಿಯುತ್ತದೆ. ವೇಲ್ಸ್‌ನ ಕಾರ್ಡಿಫ್‌ನವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀರಾ ಚಿಕ್ಕ ಚುಕ್ಕೆಗಳೂ ಒತ್ತಿದ ಚುಕ್ಕೆಗಳೂ ಕಡಿಮೆ ಅಂಕಿಯನ್ನೇ ಕೊಟ್ಟಿದ್ದವು.

ನವಜಾತ ಶಿಶುಗಳ ತಪಾಸಣೆಯಲ್ಲಿ ಈ ದೋಷದ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ರೋಗ ಗೊತ್ತಾದ ಮೇಲೆ ವರ್ಷಗಟ್ಟಲೆ ನಡೆಯುವ ನಿಗಾ ಪರೀಕ್ಷೆಗಳಲ್ಲಿ ಮಾತ್ರ ಅದನ್ನು ಯಾರೂ ಅಷ್ಟು ಗಂಭೀರವಾಗಿ ನೋಡುವುದಿಲ್ಲ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ತಪಾಸಣೆಯಲ್ಲಿ ಅಂಕಿ ಹೆಚ್ಚೆಂದು ಕಂಡರೆ ಮಗುವನ್ನು ಮತ್ತೆ ಕರೆಸಿ ಇನ್ನೊಂದು ಪರೀಕ್ಷೆ ಮಾಡಿಯೇ ಮಾಡುತ್ತಾರೆ. ನಿಗಾ ಪರೀಕ್ಷೆಯಲ್ಲಿ ಅದೇ ಅಂಕಿ ನೇರವಾಗಿ ಮಗುವಿನ ತಟ್ಟೆಗೆ ಹೋಗುತ್ತದೆ. ಆ ವಯಸ್ಸಿನ ಪಿಕೆಯು ಮಕ್ಕಳ ರಕ್ತದಲ್ಲಿ ಫೀನೈಲ್‌ಅಲನಿನ್ ಲೀಟರಿಗೆ 120ರಿಂದ 360 ಮೈಕ್ರೋಮೋಲ್ ಒಳಗಿರಬೇಕೆಂದು ಯುರೋಪಿನ ಮತ್ತು ಅಮೆರಿಕದ ಮಾರ್ಗಸೂಚಿಗಳು ಹೇಳುತ್ತವೆ. ನಿಜವಾದ ಮಟ್ಟ 400 ಇದ್ದು, ಒತ್ತಿದ ಚುಕ್ಕೆಯಿಂದ 340 ಎಂದು ಬಂತೆನ್ನೋಣ. ಆಹಾರತಜ್ಞರು ಸಮಾಧಾನಪಟ್ಟು, ಇನ್ನರ್ಧ ಇಡ್ಲಿ ಕೊಡಬಹುದು ಎನ್ನುತ್ತಾರೆ. ಪದರ ಕಟ್ಟಿದ ಚುಕ್ಕೆಯಾದರೆ ಇದರ ವಿರುದ್ಧ: ಹತೋಟಿಯಲ್ಲೇ ಇರುವ ಮಗುವಿಗೆ ಪ್ರೋಟೀನ್ ಇನ್ನಷ್ಟು ಕಡಿತವಾಗುತ್ತದೆ, ಬೆಳೆಯುವ ದೇಹಕ್ಕೆ ಬೇಕಾದಷ್ಟೂ ಸಿಗುವುದಿಲ್ಲ. ಇವೆರಡಕ್ಕಿಂತ ನನಗೆ ಕೆಟ್ಟದೆನಿಸುವುದು, "ಕದ್ದುಮುಚ್ಚಿ ಏನಾದರೂ ತಿನ್ನಿಸಿದಿರಾ?" ಎಂಬ ಪ್ರಶ್ನೆ. ಕಾರ್ಡಿನ ತಪ್ಪಿಗೆ ತಾಯಂದಿರು ಕಟಕಟೆಯಲ್ಲಿ ನಿಲ್ಲುವುದನ್ನು ನಾನು ನೋಡಿದ್ದೇನೆ. ರಿಪೋರ್ಟಿನಲ್ಲಿ ಅಂಕಿ ಇರುತ್ತದೆಯೇ ಹೊರತು, ಚುಕ್ಕೆ ಹೇಗಿತ್ತು ಎಂಬ ಒಂದು ಸಾಲೂ ಇರುವುದಿಲ್ಲ.

ಹಾಗೆಂದು ಕಾರ್ಡ್ ಕೆಡಿಸಿದ್ದು ಮನೆಯವರ ತಪ್ಪೇ? ನಾವು ಕಲಿಸುವುದಾದರೂ ಎಷ್ಟು? ಹೆಚ್ಚಿನವರಿಗೆ ಸಿಗುವುದು ಒಂದು ಕಾರ್ಡ್, ನಾಲ್ಕು ಲ್ಯಾನ್ಸೆಟ್ (ಬೆರಳು ಚುಚ್ಚುವ ಸೂಜಿ), ಇಂಗ್ಲಿಷಿನ ಒಂದು ಚೀಟಿ. ಕೈಯನ್ನು ಸೋಪಿನಲ್ಲಿ ತೊಳೆದು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿಕೊಂಡರೆ ರಕ್ತ ಸಲೀಸಾಗಿ ಬರುತ್ತದೆ ಎಂದು ಯಾರೂ ಹೇಳಿರುವುದಿಲ್ಲ. ಬೆರಳಿನ ತುದಿಗೆ ಬದಲು ಬದಿಯಲ್ಲಿ ಚುಚ್ಚಬೇಕು, ಮೊದಲ ಹನಿಯನ್ನು ಒರೆಸಬೇಕು, ದೊಡ್ಡ ಹನಿ ತಾನಾಗಿ ಕೂಡಿಕೊಳ್ಳುವವರೆಗೆ ಕಾಯಬೇಕು, ಹಾಲು ಕರೆದಂತೆ ಬೆರಳನ್ನು ಹಿಂಡಬಾರದು. ಹನಿಯನ್ನು ಕಾಗದಕ್ಕೆ ಮುಟ್ಟಿಸಬೇಕು, ಬೆರಳನ್ನಲ್ಲ. ಪ್ರೋಟೀನಿನ ಇನ್ನೊಂದು ಅಂಶವಾದ ಲ್ಯೂಸಿನ್ ಅನ್ನು ದೇಹ ಸರಿಯಾಗಿ ಒಡೆಯಲಾರದ ಮೇಪಲ್ ಸಿರಪ್ ಮೂತ್ರ ರೋಗದ ಮಕ್ಕಳ ಮನೆಯಲ್ಲಿ ಇನ್ನೊಂದು ಅಪಾಯವೂ ಇದೆ: ಲ್ಯೂಸಿನ್ ಅಳೆಯಬೇಕಾದ ಬೆರಳಿಗೆ ಸಾಮಾನ್ಯ ಹಾಲಿನ ಪುಡಿ ಅಂಟಿದ್ದರೆ ಅದರಲ್ಲಿರುವ ಲ್ಯೂಸಿನ್ ಕೂಡ ಲೆಕ್ಕಕ್ಕೆ ಸೇರಿಬಿಡಬಹುದು.

ಒಣಗಿಸುವ ವಿಷಯದಲ್ಲಂತೂ ನಮ್ಮ ಮಳೆಗಾಲವನ್ನು ಯಾವ ವಿದೇಶಿ ಚೀಟಿಯೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಕಾರ್ಡನ್ನು ಬಿಸಿಲು ತಾಗದಂತೆ ಅಡ್ಡಲಾಗಿ ಇಟ್ಟು ಮೂರು ನಾಲ್ಕು ಗಂಟೆ ಒಣಗಿಸಬೇಕು ಎಂದು ಬರೆದಿರುತ್ತದೆ; ಜುಲೈ ತಿಂಗಳ ಮಡಿಕೇರಿಯಲ್ಲಿ ಅಷ್ಟು ಸಾಲುವುದು ಕಷ್ಟ. ಹಸಿಯಾಗಿದ್ದಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿದ ಕಾರ್ಡ್ ದಾರಿಯಲ್ಲೇ ಕೆಡುತ್ತದೆ. ಕಾರ್ಡಿನ ಜೊತೆ ತೇವ ಹೀರುವ ಸಣ್ಣ ಪೊಟ್ಟಣವನ್ನು ನಾವೇ ಕೊಟ್ಟರೆ ಅದಕ್ಕೆ ತಗಲುವ ಖರ್ಚು ಎಷ್ಟು ಮಹಾ?

ಮಗುವಿಗೆ ಮತ್ತೊಂದು ಚುಚ್ಚು ನೋವೇ, ನಿಜ. ಆದರೆ ಆ ಕಾರ್ಡಿನಿಂದ ನಾನು ಕೊಡಬಹುದಾಗಿದ್ದ ಅಂಕಿ ನನ್ನ ಊಹೆಯೇ ಆಗಿರುತ್ತಿತ್ತು. ಯಂತ್ರದಿಂದ ಬಂದಿದೆ ಎಂಬ ಕಾರಣಕ್ಕೆ ಅದನ್ನು ಎಲ್ಲರೂ ನಂಬುತ್ತಿದ್ದರು. ಆದ್ದರಿಂದ ವಾಪಸು ಮಾಡಿದೆ, ಜೊತೆಗೆ ವಿಡಿಯೋ ಕರೆಯಲ್ಲಿ ಇಪ್ಪತ್ತು ನಿಮಿಷ ಕೂತೆ. ನಿನ್ನೆ ಎರಡನೆಯ ಕಾರ್ಡ್ ಬಂತು. ಮೂರು ವೃತ್ತಗಳು ಎರಡೂ ಬದಿಯಲ್ಲಿ ಸಮನಾಗಿ ತುಂಬಿದ್ದವು, ನಾಲ್ಕನೆಯದು ಖಾಲಿ ಇತ್ತು. "ಮೂರೇ ಆಯಿತು, ನಾಲ್ಕನೆಯದಕ್ಕೆ ಹಿಂಡಲಿಲ್ಲ ಮೇಡಂ" ಎಂದು ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯೊಂದು ಜೊತೆಗಿತ್ತು. ಪರೀಕ್ಷೆಗೆ ಮೂರು ಧಾರಾಳವಾಗಿ ಸಾಕು.