ರೈಲು ನಿಂತರೆ ಆಳೂ ನಿಲ್ಲುತ್ತಾನೆ

ನುರಿತ ಕೆಲಸಗಾರರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಎರಡು ವರ್ಷ ಪಾಠ ಮಾಡುತ್ತಾರೆ. ಸುಮ್ನೆ ಫೀಸು ದಂಡ. ನಮ್ಮ ಕರ್ನಾಟಕ ಸರ್ಕಾರ ಒಂದೇ ದಿನದಲ್ಲಿ ಇದಕ್ಕೆ ಉತ್ತರ ಕಂಡುಕೊಂಡಿತ್ತು. ಅದು 2020ರ ಮೇ 5. ಲಾಕ್‌ಡೌನಿನಲ್ಲಿ ಕೂಲಿಯಿಲ್ಲದೆ ಕೂತಿದ್ದ ವಲಸೆ ಕಾರ್ಮಿಕರು ಊರಿಗೆ ಹೊರಡಲು ಗಂಟುಮೂಟೆ ಕಟ್ಟಿದ್ದರು. ಅವತ್ತು ಬಿಲ್ಡರ್‌ಗಳು ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಕಂಡರು. ಅವತ್ತೇ ರೈಲ್ವೆಗೆ ಪತ್ರ ಹೋಯಿತು, ನಾಳೆಯಿಂದ ಶ್ರಮಿಕ ರೈಲು ಬೇಡ ಅಂತ. ಆಯ್ತಲ್ಲ! ಕೂಲಿ ಏರಿಸಬೇಕಿಲ್ಲ, ಶೆಡ್ಡಿಗೆ ಫ್ಯಾನ್ ಹಾಕಿಸಬೇಕಿಲ್ಲ. ರೈಲು ನಿಂತರೆ ಆಳೂ ನಿಲ್ಲುತ್ತಾನೆ. ಆದರೆ ದೇಶದ ತುಂಬ ಬೈಗುಳ ಬಿದ್ದು, ಎರಡು ಮೂರು ದಿನದಲ್ಲೇ ರೈಲು ಮತ್ತೆ ಬಿಡಬೇಕಾಯಿತು. ಇಲ್ಲದಿದ್ದರೆ ಈ ವಿಧಾನಕ್ಕೆ ಪೇಟೆಂಟ್ ಸಿಗುತ್ತಿತ್ತೇನೋ.

ಈಗ ಜನ ಸಿಗುತ್ತಿಲ್ಲ ಎಂಬುದೇ ಬಿಲ್ಡರ್‌ಗಳ ಗೋಳು. ಕಂಬಿ ಕಟ್ಟುವವರಿಲ್ಲ, ಸೆಂಟ್ರಿಂಗ್‌ನವರಿಲ್ಲ, ಟೈಲ್ಸ್ ಹಾಕುವವರು ಫೋನ್ ಎತ್ತುವುದಿಲ್ಲ. ಇದರ ಬಗ್ಗೆ ದೊಡ್ಡ ಹೋಟೆಲಿನ ಎ.ಸಿ. ಹಾಲಿನಲ್ಲಿ ವಿಚಾರ ಸಂಕಿರಣ ನಡೆಯುತ್ತದೆ. ಅಲ್ಲಿ ಎಲ್ಲರೂ ಇರುತ್ತಾರೆ, ಗಾರೆ ಕೆಲಸದವನೊಬ್ಬನನ್ನು ಬಿಟ್ಟು. ಕರೆಯೋಣ ಅಂದರೆ ಅವನು ಸಿಗುತ್ತಿಲ್ಲವಲ್ಲ!

2025ರ ಫೆಬ್ರವರಿಯಲ್ಲಿ ಚೆನ್ನೈನ ಇಂಥದ್ದೇ ಒಂದು ಸಮಾವೇಶದಲ್ಲಿ ನಿರ್ಮಾಣ ಕಂಪನಿ ಎಲ್ ಆ್ಯಂಡ್ ಟಿಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ರೋಗದ ಮೂಲ ಹಿಡಿದರು. ಕಾರ್ಮಿಕರಿಗೆ ಊರು ಬಿಟ್ಟು ಬರುವ ಮನಸ್ಸಿಲ್ಲ, ನರೇಗಾ, ಜನಧನ, ನೇರ ನಗದು ವರ್ಗಾವಣೆ ಎಲ್ಲ ಬಂದು ಹೀಗಾಯಿತು ಅನ್ನುವುದು ಅವರ ಮಾತಿನ ಸಾರ. ಹೌದು, ವಾರಕ್ಕೆ 90 ಗಂಟೆ ದುಡಿಯಿರಿ, ಮನೆಯಲ್ಲಿ ಕೂತು ಹೆಂಡತಿ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದು ಕೇಳಿದ್ದರಲ್ಲ, ಅವರೇ.

ಸರಿ, ಲೆಕ್ಕ ಹಾಕೋಣ. ಆ ವರ್ಷ ಬಿಹಾರದಲ್ಲಿ ನರೇಗಾ ಕೂಲಿ ದಿನಕ್ಕೆ 245 ರೂಪಾಯಿ. ನೂರು ದಿನವೂ ಕೆಲಸ ಸಿಕ್ಕಿತು ಅಂದುಕೊಳ್ಳಿ. ಸಿಗುವುದು ಕಷ್ಟ, ಆದರೂ ಅಂದುಕೊಳ್ಳಿ. ವರ್ಷಕ್ಕೆ 24,500. ತಿಂಗಳಿಗೆ ಎರಡು ಸಾವಿರ ಚಿಲ್ಲರೆ. ಅಷ್ಟರಲ್ಲೇ ಅವನು ಕಾಲು ಚಾಚಿ ಮಲಗಿಬಿಡುತ್ತಾನೆ ಅನ್ನುವುದಾದರೆ, ಇವರು ಕೊಡುತ್ತಿರುವ ಕೂಲಿ ಎಂಥ ಆಕರ್ಷಕವಾಗಿರಬೇಕು ನೋಡಿ.

ಅದೇ ಭಾಷಣದಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಕಂಪನಿಗೆ ಯಾವಾಗಲೂ 4 ಲಕ್ಷ ಕಾರ್ಮಿಕರು ಬೇಕು, ಬಿಟ್ಟು ಹೋಗುವವರು ಜಾಸ್ತಿ, ಹಾಗಾಗಿ ವರ್ಷಕ್ಕೆ 16 ಲಕ್ಷ ಜನರನ್ನು ತೆಗೆದುಕೊಳ್ಳಬೇಕಾಗುತ್ತದೆ ಅಂತ. ಅಂದರೆ ಒಂದು ಜಾಗಕ್ಕೆ ನಾಲ್ಕು ಜನ. ಬರುವ ಮನಸ್ಸಿಲ್ಲದವರು 16 ಲಕ್ಷ ಜನ ಬಂದಿದ್ದಾರೆ, ಅದು ಬಿಡಿ. ಒಂದು ಮನೆಗೆ ವರ್ಷಕ್ಕೆ ನಾಲ್ಕು ಬಾಡಿಗೆದಾರರು ಬಂದು ಹೋದರೆ ಓಣಿಯವರು ಬಾಡಿಗೆದಾರರನ್ನು ಬೈಯುವುದಿಲ್ಲ, ಓನರ್ ಮುಖ ನೋಡುತ್ತಾರೆ.

ನಮ್ಮ ಬೆಂಗಳೂರಿನ ಪಂಡಿತರದ್ದು ಇನ್ನೂ ಸೊಗಸು. ಗ್ಯಾರಂಟಿ ಕೊಟ್ಟು ಜನರನ್ನು ಸೋಮಾರಿ ಮಾಡಿದರು, ಅದಕ್ಕೇ ಸೈಟಿಗೆ ಆಳು ಬರುತ್ತಿಲ್ಲ ಅನ್ನುತ್ತಾರೆ. ಅವರ ಸೈಟಿನಲ್ಲಿ ಇಣುಕಿದರೆ ಒಡಿಶಾ, ಬಂಗಾಳ, ಬಿಹಾರ, ಜಾರ್ಖಂಡಿನ ಹುಡುಗರು. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಕರ್ನಾಟಕದ ಮನೆಯೊಡತಿಗೆ. ಅದರಿಂದ ಜಾರ್ಖಂಡಿನ ಕಂಬಿ ಕಟ್ಟುವವನು ಹೇಗೆ ಸೋಮಾರಿಯಾದ ಅನ್ನುವುದು ಮಾತ್ರ ತಿಳಿಯದು. ಇತ್ತ 2024ರ ಜುಲೈಯಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆ ಸಂಪುಟದಲ್ಲಿ ಪಾಸಾಗಿ, ಉದ್ಯಮಿಗಳು ಕೂಗೆಬ್ಬಿಸಿದ ಮೇಲೆ ತಣ್ಣಗಾಯಿತು. ಆ ಹುಡುಗನ ಮೇಲೆ ಈಗ ಎರಡು ಆರೋಪ. ಬಂದು ನಮ್ಮ ಕೆಲಸ ಕಿತ್ತುಕೊಂಡ, ಮತ್ತು ಕೆಲಸಕ್ಕೆ ಬರುತ್ತಿಲ್ಲ.

ಅವನಿಗೆ ಊರು ಬಿಡುವ ಮನಸ್ಸಿಲ್ಲವೇ? 2024ರ ಜನವರಿಯಲ್ಲಿ ಹರಿಯಾಣದ ರೋಹ್ಟಕ್‌ನಲ್ಲಿ ಚಳಿಗೆ ನಡುಗುತ್ತಾ ಸಾಲಿನಲ್ಲಿ ನಿಂತವರನ್ನು ಕೇಳಬೇಕಿತ್ತು. ಸೆಂಟ್ರಿಂಗ್, ಕಂಬಿ, ಟೈಲ್ಸ್, ಪ್ಲಾಸ್ಟರಿಂಗ್, ಇಲ್ಲಿ ಸಿಗುತ್ತಿಲ್ಲ ಅನ್ನುವ ಅದೇ ಕಸುಬಿನವರು. ಹೊರಟಿದ್ದು ಇಸ್ರೇಲಿಗೆ. ಅಲ್ಲಿ ಆಗ ಯುದ್ಧ ನಡೆಯುತ್ತಿತ್ತು. ಸಂಬಳ ಮಾತ್ರ ತಿಂಗಳಿಗೆ ಸುಮಾರು 1.37 ಲಕ್ಷ. ಬಾಂಬ್ ಬೀಳುವ ಊರಿಗೆ ಹೋಗಲು ತಯಾರಿದ್ದವನು ವೈಟ್‌ಫೀಲ್ಡಿಗೆ ಬರಲು ಹಿಂದೆಮುಂದೆ ನೋಡುತ್ತಾನೆ ಅಂದರೆ, ಅದು ಜನಧನ ಖಾತೆಯ ಮಹಿಮೆಯೇ ಇರಬೇಕು.

ಸರ್ಕಾರ ಕೈಕಟ್ಟಿ ಕೂತಿಲ್ಲ. 1996ರ ಕಾನೂನು ಬಂದಾಗಿನಿಂದ ಕಟ್ಟಡದ ಖರ್ಚಿನಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಕಾರ್ಮಿಕರ ಕಲ್ಯಾಣಕ್ಕೆ ಹೋಗುತ್ತದೆ. 2017ರಲ್ಲಿ ಆ ದುಡ್ಡಿನಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮಷಿನ್ ಕೊಂಡ ವಿಷಯ ಕೇಳಿ ಸುಪ್ರೀಂ ಕೋರ್ಟೇ ಬೆಚ್ಚಿತ್ತು. ತಪ್ಪೇನಿಲ್ಲ ಬಿಡಿ, ಸಿಮೆಂಟ್ ಕಲೆ ಕೈಯಲ್ಲಿ ಉಜ್ಜಿದರೆ ಹೋಗುವುದಿಲ್ಲ. ಕಾರ್ಮಿಕ ಕಾರ್ಡಿಗೂ ನಮ್ಮಲ್ಲಿ ಬರವಿಲ್ಲ. ಕರಣೆ ಮುಟ್ಟದವರ ಹತ್ತಿರವೂ ಕಾರ್ಡ್ ಇದೆ, ಇಪ್ಪತ್ತು ವರ್ಷ ಕರಣೆ ಹಿಡಿದವನು ಮಾತ್ರ ತೊಂಬತ್ತು ದಿನ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಹುಡುಕುತ್ತಾ ಅಲೆಯುತ್ತಾನೆ.

ಇನ್ನು ಸೈಟಿನಲ್ಲಿ ಆಳು ಉಳಿಸಿಕೊಳ್ಳುವ ಹಳೆಯ ಉಪಾಯವೊಂದಿದೆ. ಬಟವಾಡೆ ದಿನ ಎರಡು ವಾರದ ಕೂಲಿ ಹಿಡಿದಿಡುವುದು. ದುಡ್ಡು ನಮ್ಮ ಹತ್ತಿರ ಇದ್ದರೆ ಆಳು ಎಲ್ಲಿ ಹೋಗುತ್ತಾನೆ? ಬೇರೆ ಕಂಪನಿಗಳಲ್ಲಿ ಉಳಿದವರಿಗೆ ಬೋನಸ್ ಕೊಡುತ್ತಾರೆ, ಇಲ್ಲಿ ಅವನ ದುಡ್ಡನ್ನೇ ಅವನಿಗೆ ಆಸೆ ತೋರಿಸುತ್ತಾರೆ. ಮುಗಿದ ಮೇಲೆ ಅದೇ ಕಟ್ಟಡಕ್ಕೆ ರಿಪೇರಿಗೆ ಬಂದರೆ ಗೇಟಿನಲ್ಲಿ ಫೋಟೊ, ಮೊಬೈಲಿಗೆ ಓಟಿಪಿ, ಹತ್ತಲು ಸರ್ವಿಸ್ ಲಿಫ್ಟ್. ಮುಂದಿನ ಲಿಫ್ಟಿನ ಸುತ್ತ ಗ್ರಾನೈಟ್ ಕೂರಿಸಿದವನೂ ಅವನೇ.

ಬಿಹಾರದ ದೊಡ್ಡ ಹಬ್ಬ ಕಳೆದ ಮೇಲೆ ಸೂಪರ್‌ವೈಸರ್ ಮತ್ತು ಊರಿಗೆ ಹೋದ ಮೇಸ್ತ್ರಿ ನಡುವೆ ಫೋನಿನಲ್ಲಿ ಹೀಗೆ ಮಾತಾಗುತ್ತದೆ.

"ಏನ್ ಮೇಸ್ತ್ರಿ, ಯಾವಾಗ ಬರ್ತೀಯಾ? ಮೋಲ್ಡ್ ನಿಂತೋಗಿದೆ."

"ಹೋದ ಸಲದ್ದು ಎರಡು ವಾರದ ಕೂಲಿ ಬಾಕಿ ಇದೆಯಲ್ಲ ಸಾರ್, ಹಾಕಿಬಿಡಿ. ಹುಡುಗರಿಗೆ ಟಿಕೆಟ್ ಮಾಡಿಸ್ತೀನಿ."

"ನೀನು ಮೊದಲು ಬಾ, ಆಮೇಲೆ ಮಾತಾಡೋಣ."

"ಮೊದಲು ಹಾಕಿ ಸಾರ್, ಆಮೇಲೆ ಬರ್ತೀನಿ."

ಸೂಪರ್‌ವೈಸರ್ ಫೋನಿಟ್ಟು, ಹೆಡ್ ಆಫೀಸಿಗೆ ವಾರದ ರಿಪೋರ್ಟ್ ಬರೆಯುತ್ತಾನೆ: 'ಕಾರ್ಮಿಕರ ತೀವ್ರ ಕೊರತೆ. ಕಾರಣ: ಛತ್ ಪೂಜೆ.'