ಪಂಪಿನ ಮುಂಚಿನ 33 ದಿನ

ಕಣ್ಣು ಕಾಣದ, ಕಿವಿ ಕೇಳದ ಹೆಲೆನ್ ಕೆಲರ್ ಕಥೆಯನ್ನು ಯಾರೇ ಹೇಳಲಿ, ನೀರಿನ ಪಂಪಿನ ಹತ್ತಿರ ಬಂದು ನಿಲ್ಲಿಸಿಬಿಡುತ್ತಾರೆ. ಒಂದು ಕೈಮೇಲೆ ತಣ್ಣೀರು, ಇನ್ನೊಂದು ಕೈಯಲ್ಲಿ ಅಕ್ಷರ, ಮಗುವಿಗೆ ಥಟ್ಟನೆ ಎಲ್ಲ ಹೊಳೆಯಿತು, ಪವಾಡ! ಆನಿ ಸಲಿವನ್ ಎಂಬ ಟೀಚರಿಗೆ ನಾವು ಮಾಡುತ್ತಿರುವ ದೊಡ್ಡ ಅನ್ಯಾಯ ಇದು. ಅವರು ಮಾಡಿದ್ದು ಪವಾಡವಲ್ಲ, ಪಾಠ. ಆ ಪಾಠಕ್ಕೆ ತಯಾರಿ ಇತ್ತು, ಕ್ರಮ ಇತ್ತು, ತಪ್ಪುಗಳೂ ಇದ್ದವು.

ಆನಿ ಹುಟ್ಟಿದ್ದು 1866ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಐರ್ಲೆಂಡಿನಿಂದ ವಲಸೆ ಬಂದ ಬಡ ಕುಟುಂಬದಲ್ಲಿ. ಟ್ರಕೋಮಾ ಎಂಬ ಕಣ್ಣಿನ ಸೋಂಕು ಬಂದು ಚಿಕ್ಕಂದಿನಲ್ಲೇ ಕಣ್ಣು ಹಾಳಾಯಿತು. ತಾಯಿ ತೀರಿಕೊಂಡ ಮೇಲೆ 1876ರಲ್ಲಿ ತಮ್ಮನ ಜೊತೆ ಟ್ಯೂಕ್ಸ್‌ಬರಿಯ ಸರ್ಕಾರಿ ಬಡವರ ಆಶ್ರಯಧಾಮ ಸೇರಿದರು. ತಮ್ಮ ಕೆಲವೇ ತಿಂಗಳಲ್ಲಿ ಸತ್ತ. 1880ರಲ್ಲಿ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಗೆ ಸೇರಿದಾಗ ಹದಿನಾಲ್ಕು ವಯಸ್ಸು, ಓದು ಬರಹ ಬರುತ್ತಿರಲಿಲ್ಲ. ಆರೇ ವರ್ಷದಲ್ಲಿ ತರಗತಿಗೆ ಮೊದಲಿಗರಾಗಿ ಹೊರಬಂದರು. ನಡುವೆ ಶಸ್ತ್ರಚಿಕಿತ್ಸೆಯಾಗಿ ಓದುವಷ್ಟು ದೃಷ್ಟಿ ಬಂದಿತ್ತು. ಕಣ್ಣು, ಕಿವಿ ಎರಡೂ ಇಲ್ಲದ ಲಾರಾ ಬ್ರಿಜ್‌ಮನ್ ಅದೇ ಶಾಲೆಯಲ್ಲಿ ಇದ್ದರು. ಅವರೊಡನೆ ಮಾತಾಡಲು ಆನಿ ಬೆರಳಕ್ಷರ ಕಲಿತಿದ್ದರು. ಹೆಲೆನ್ ಮನೆಯಿಂದ ಕರೆ ಬಂದ ಮೇಲೂ ತಿಂಗಳುಗಟ್ಟಲೆ ಕೂತು, ಲಾರಾಗೆ ಹೇಗೆ ಕಲಿಸಿದರು ಎಂಬ ವರದಿಗಳನ್ನು ಓದಿ ಹೊರಟರು.

ಬೆರಳಕ್ಷರದ ಬಗ್ಗೆ ಒಂದು ಮಾತು. ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದಲ್ಲ. ಅಮೆರಿಕದ ಪದ್ಧತಿಯಲ್ಲಿ ಒಂದೇ ಕೈಯಿಂದ ಪ್ರತಿ ಅಕ್ಷರಕ್ಕೂ ಒಂದೊಂದು ಆಕಾರ ಮಾಡುತ್ತಾರೆ. ಕೇಳಿಸಿಕೊಳ್ಳುವವರು ಆ ಕೈಯ ಮೇಲೆ ತಮ್ಮ ಕೈಯನ್ನು ಹಗುರವಾಗಿ ಇಟ್ಟು ಆಕಾರವನ್ನು ಗುರುತಿಸುತ್ತಾರೆ. ಬಿಗಿಯಾಗಿ ಹಿಡಿದರೆ ಬೆರಳು ಆಡುವುದಿಲ್ಲ, ತೀರಾ ಸಡಿಲವಾದರೆ ಅಕ್ಷರ ತಪ್ಪಿಹೋಗುತ್ತದೆ. ಇಂದಿಗೂ ಇಂಥ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಮೊದಲು ಹೇಳಿಕೊಡುವುದು ಇದನ್ನೇ: ಮಗುವಿನ ಕೈಯನ್ನು ಹಿಡಿದು ಎಳೆಯಬೇಡಿ, ನಿಮ್ಮ ಕೈ ಕೆಳಗಿರಲಿ, ಮಗುವಿನ ಕೈ ಮೇಲಿರಲಿ. ಆ ಮಗುವಿಗೆ ಕೈಯೇ ಕಣ್ಣು, ಕೈಯೇ ಕಿವಿ, ಕೈಯೇ ಬಾಯಿ.

1887ರ ಮಾರ್ಚ್ 3ರಂದು ಆನಿ ಅಲಬಾಮಾದ ಟಸ್ಕಂಬಿಯಾ ತಲುಪಿದರು. ಅವರಿಗೆ ಇಪ್ಪತ್ತು, ಹೆಲೆನ್‌ಗೆ ಇನ್ನೂ ಏಳು ತುಂಬಿರಲಿಲ್ಲ. ಊಟದ ಹೊತ್ತಿಗೆ ಎಲ್ಲರ ತಟ್ಟೆಗೂ ಕೈಹಾಕಿ ತಿನ್ನುವುದು ಹೆಲೆನ್ ಅಭ್ಯಾಸ. ಮನೆಯವರು ಮರುಕದಿಂದ ಬಿಟ್ಟುಬಿಟ್ಟಿದ್ದರು. ಆನಿ ಮನೆಯವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಚಮಚ ಹಿಡಿಸಲು ಹೋರಾಡಿದರು. ಆ ಬಲವಂತವನ್ನು ಇವತ್ತು ಯಾವ ವಿಶೇಷ ಶಿಕ್ಷಕರೂ ಮಾಡಬಾರದು, ನಾನು ಅದನ್ನು ಸಮರ್ಥಿಸುವುದೂ ಇಲ್ಲ. ಹಟ, ಕಿರುಚಾಟ, ಒದೆತ ಎಲ್ಲವೂ ಮಾತಿಲ್ಲದ ಮಗುವಿನ ಮಾತು ಎಂದು ಈಗ ನಮಗೆ ಗೊತ್ತು. ಊಟಕ್ಕೆ ಮುಂಚೆ ಪ್ರತಿದಿನ ಅದೇ ಚಮಚವನ್ನು ಕೈಗೆ ಮುಟ್ಟಿಸಿದರೆ ಮುಂದೇನು ಎಂದು ಮಗುವಿಗೆ ತಿಳಿಯುತ್ತದೆ, ಅರ್ಧ ಹಟ ಅಲ್ಲೇ ಇಳಿಯುತ್ತದೆ. ಆದರೆ ಮನೆಯವರ ಮರುಕವೇ ಕಲಿಕೆಗೆ ಅಡ್ಡ ನಿಂತಿದೆ ಎಂದು ಆನಿ ಗುರುತಿಸಿದ್ದು ಸರಿ. ಕಾಲು ಮೈಲಿ ದೂರದ ತೋಟದ ಮನೆಗೆ ಹೆಲೆನ್‌ಳನ್ನು ಸುಮಾರು ಎರಡು ವಾರ ಕರೆದೊಯ್ದರು. ತಂದೆ ತಾಯಿ ದಿನವೂ ಬಂದು, ಅವಳಿಗೆ ತಿಳಿಯದಂತೆ ನೋಡಿಹೋಗಬಹುದಿತ್ತು, ಅಷ್ಟೇ.

ಮಾರ್ಚ್ 31ಕ್ಕೆ ಹೆಲೆನ್‌ಗೆ 18 ನಾಮಪದ, 3 ಕ್ರಿಯಾಪದ ಬರುತ್ತಿದ್ದವು. ಆನಿ ಅದನ್ನು ಎಣಿಸಿ ಪತ್ರದಲ್ಲಿ ಬರೆದಿದ್ದಾರೆ. ತೊಡಕಾದದ್ದು 'ಮಗ್' ಮತ್ತು 'ಮಿಲ್ಕ್' ಎಂಬ ಎರಡು ಪದಗಳಲ್ಲಿ. ಎರಡನ್ನೂ ಹೆಲೆನ್ ಕುಡಿಯುವುದರ ಜೊತೆ ಕಲಸಿಬಿಡುತ್ತಿದ್ದಳು. ಯಾಕೆ? ಲೋಟ, ಒಳಗಿನ ಹಾಲು, ಕುಡಿಯುವ ಕೆಲಸ ಮೂರೂ ಯಾವಾಗಲೂ ಒಟ್ಟಿಗೇ ಬರುತ್ತವೆ. ಹೆಸರು ಯಾವುದಕ್ಕೆ ಅಂಟಬೇಕು ಎಂದು ಮಗುವಿಗೆ ಹೇಗೆ ತಿಳಿಯಬೇಕು? ಏಪ್ರಿಲ್ 5ರ ಬೆಳಿಗ್ಗೆ ಮುಖ ತೊಳೆಯುವಾಗ ಹೆಲೆನ್ ನೀರಿನ ಹೆಸರು ಕೇಳಿದಳು. ಆನಿಗೆ ದಾರಿ ಹೊಳೆಯಿತು. ಪಂಪಿನ ಬಾಯಿಗೆ ಲೋಟ ಹಿಡಿಸಿ, ತಾವೇ ಪಂಪು ಹೊಡೆದು, ನೀರು ತುಂಬಿ ಕೈಮೇಲೆ ಸುರಿಯುವಾಗ ಇನ್ನೊಂದು ಕೈಗೆ 'ವಾಟರ್' ಎಂದರು. ಹಿಡಿದ ಲೋಟ ಕೈಯಲ್ಲೇ ಇದೆ, ಹರಿಯುವುದು ಬೇರೆ, ಇಲ್ಲಿ ಕುಡಿಯುವ ಮಾತೇ ಇಲ್ಲ. ಕಲಸಿಹೋಗಿದ್ದನ್ನು ಬಿಡಿಸಿಕೊಟ್ಟ ಪಾಠ ಅದು. ಕೆಲವೇ ಗಂಟೆಗಳಲ್ಲಿ ಮೂವತ್ತು ಹೊಸ ಪದ ಬಂದವು.

ನನ್ನ ಮಟ್ಟಿಗೆ ಆನಿಯ ದೊಡ್ಡತನ ಕಾಣುವುದು ಅದರ ನಂತರ. ಹೆಲೆನ್‌ಳ ಹದಿನೈದು ತಿಂಗಳ ಬಂಧುವೊಂದನ್ನು ಗಮನಿಸಿದರು. ಮಗು ಮಾತಾಡುವ ಮೊದಲೇ ಎಷ್ಟೊಂದು ಅರ್ಥ ಮಾಡಿಕೊಳ್ಳುತ್ತದೆ! ಹಾಗಾದರೆ ಹೆಲೆನ್‌ಗೆ ಒಂಟಿ ಪದ ಗಿಳಿಪಾಠ ಮಾಡಿಸುವುದೇಕೆ? ಗಂಟೆ ನಿಗದಿ ಮಾಡಿ ಕೂರಿಸುವುದನ್ನು ಬಿಟ್ಟರು. ಹಾಲುಣ್ಣುವ ಮಗುವಿನ ಕಿವಿಗೆ ತಾಯಿ ಮಾತಾಡುವಂತೆ ಇಡೀ ವಾಕ್ಯಗಳನ್ನು ದಿನವಿಡೀ ಕೈಗೆ ಹೇಳತೊಡಗಿದರು. ಓದು ಕಲಿಸಲು ಉಬ್ಬು ಅಕ್ಷರದ ರಟ್ಟಿನ ಚೀಟಿ ಬಳಸಿದರು: ಗೊಂಬೆಯನ್ನು ಹಾಸಿಗೆ ಮೇಲೆ ಮಲಗಿಸಿ, ಪಕ್ಕದಲ್ಲಿ ಪದಗಳ ಚೀಟಿ ಜೋಡಿಸಿ ವಾಕ್ಯ ಮಾಡುವುದು. ಒಂದು ದಿನ ಹೆಲೆನ್ 'ಗರ್ಲ್' ಎಂಬ ಚೀಟಿಯನ್ನು ತನ್ನ ಬಟ್ಟೆಗೆ ಸಿಕ್ಕಿಸಿಕೊಂಡು ಬಟ್ಟೆ ಬೀರುವಿನೊಳಗೆ ನಿಂತಳು, ಉಳಿದ ಪದಗಳನ್ನು ಹಲಗೆ ಮೇಲೆ ಜೋಡಿಸಿದಳು. ಹುಡುಗಿ ಬೀರುವಿನಲ್ಲಿದ್ದಾಳೆ! ವ್ಯಾಕರಣದ ಯಾವ ಅಭ್ಯಾಸಪುಸ್ತಕ ಇಷ್ಟು ಚೆನ್ನಾಗಿ ಕಲಿಸೀತು? ಇನ್ನೊಮ್ಮೆ ಮಣಿ ಪೋಣಿಸುವಾಗ ಎರಡು ದೊಡ್ಡದು, ಮೂರು ಚಿಕ್ಕದು ಎಂಬ ಲೆಕ್ಕ ತಪ್ಪಿ ಹೆಲೆನ್ ತಡೆದು ನಿಂತಳು. ಆನಿ ಅವಳ ಹಣೆ ಮುಟ್ಟಿ 'ಥಿಂಕ್' ಎಂದರು. ಮುಟ್ಟಲಾಗದ್ದಕ್ಕೂ ಹೆಸರಿದೆ ಎಂದು ಗೊತ್ತಾದದ್ದು ಹಾಗೆ.

1900ರಲ್ಲಿ ಹೆಲೆನ್ ರ‍್ಯಾಡ್‌ಕ್ಲಿಫ್ ಕಾಲೇಜು ಸೇರಿದಾಗ ಆನಿ ಪಕ್ಕದಲ್ಲಿ ಕೂತು ಉಪನ್ಯಾಸವನ್ನೆಲ್ಲ ಕೈಗೆ ಹೇಳುತ್ತಿದ್ದರು. ಹೆಲೆನ್‌ಳ ಕೈ ಕೇಳುವುದರಲ್ಲೇ ತೊಡಗಿರುತ್ತಿದ್ದರಿಂದ ನೋಟ್ಸ್ ಬರೆಯಲು ಆಗುತ್ತಿರಲಿಲ್ಲ, ಮನೆಗೆ ಬಂದು ನೆನಪಿದ್ದಷ್ಟನ್ನು ಟೈಪ್ ಮಾಡುತ್ತಿದ್ದಳು. ಬ್ರೈಲ್‌ನಲ್ಲಿ ಸಿಗದ ಪುಸ್ತಕಗಳನ್ನು ಆನಿ ತಮ್ಮ ದುರ್ಬಲ ಕಣ್ಣಿನಿಂದ ಓದಿ ಹೇಳಿದರು. 1904ರಲ್ಲಿ ಪದವಿ ಬಂದದ್ದು ಹೆಲೆನ್ ಒಬ್ಬಳಿಗೆ.

ಕೊನೆಯ ವರ್ಷಗಳಲ್ಲಿ ಆನಿಗೆ ಕಣ್ಣು ಪೂರ್ತಿ ಹೋಯಿತು. 1936ರ ಅಕ್ಟೋಬರ್ 20ರಂದು ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿ ತೀರಿಕೊಂಡರು. ಚಿತಾಭಸ್ಮ ವಾಷಿಂಗ್ಟನ್ನಿನ ರಾಷ್ಟ್ರೀಯ ಕೆಥೆಡ್ರಲ್‌ನಲ್ಲಿದೆ. ಹೆಲೆನ್ ಆಮೇಲೂ ಸುಮಾರು ಮೂವತ್ತೆರಡು ವರ್ಷ ಬದುಕಿದರು, 1955ರಲ್ಲಿ ಭಾರತಕ್ಕೂ ಬಂದುಹೋದರು. 1968ರಲ್ಲಿ ಅವರ ಚಿತಾಭಸ್ಮವನ್ನೂ ಟೀಚರ್ ಪಕ್ಕದಲ್ಲೇ ಇಟ್ಟರು.