ಬ್ಯಾಂಡ್ ಒಡೆದರೆ ಒಡೀಲಿ ಬಿಡಿ

ಕಿಲ್‌ಸ್ವಿಚ್ ಎಂಗೇಜ್ ಅನ್ನೋ ಅಮೆರಿಕದ ಮೆಟಲ್ ಬ್ಯಾಂಡಿನ ಫ್ಯಾನ್‌ಗಳಲ್ಲಿ ಎರಡು ಪಂಗಡ. ಜೆಸ್ಸಿ ಲೀಚ್ ಹಾಡಿದ್ದೇ ಅಸಲಿ ಅನ್ನುವವರು ಒಂದು ಕಡೆ. ಹವರ್ಡ್ ಜೋನ್ಸ್ ಬರದಿದ್ದರೆ ಇವರು ಇಷ್ಟು ಬೆಳೆಯುತ್ತಲೇ ಇರಲಿಲ್ಲ ಅನ್ನುವವರು ಇನ್ನೊಂದು ಕಡೆ. ಎಷ್ಟೋ ವರ್ಷದಿಂದ ಇದೇ ಜಗಳ. ನನಗಂತೂ ನಗು ಬರುತ್ತೆ. ಈ ಬ್ಯಾಂಡ್ ಹುಟ್ಟಿದ್ದೇ ಮುರಿದುಬಿದ್ದ ಬ್ಯಾಂಡುಗಳಿಂದ, ಅದರಲ್ಲಿ ಅಸಲಿ ಯಾವುದು?

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಓವರ್‌ಕಾಸ್ಟ್ ಅಂತ ಒಂದು ಬ್ಯಾಂಡ್ ಇತ್ತು. 1998ರಲ್ಲಿ ಅದು ನಿಂತುಹೋಯಿತು. ಗಾಯಕ ಬ್ರಯಾನ್ ಫೇರ್ ಶ್ಯಾಡೋಸ್ ಫಾಲ್ ಬ್ಯಾಂಡ್ ಸೇರಿದ. ಬೇಸ್ ನುಡಿಸುತ್ತಿದ್ದ ಮೈಕ್ ಡಿಆಂಟೋನಿಯೋ, ಆಫ್ಟರ್‌ಶಾಕ್ ಬ್ಯಾಂಡಿನ ಆಡಂ ಡುಟ್‌ಕೆವಿಚ್ ಮತ್ತು ಜೋಯಲ್ ಸ್ಟ್ರೋಟ್ಜೆಲ್‌ನ ಕರೆದುಕೊಂಡ. ಜೆಸ್ಸಿ ಬಂದ. 1999ರಲ್ಲಿ ಕಿಲ್‌ಸ್ವಿಚ್ ಶುರು.

2002ರ 'ಅಲೈವ್ ಆರ್ ಜಸ್ಟ್ ಬ್ರೀದಿಂಗ್' ಆಲ್ಬಂ ನನ್ನ ಪ್ರಕಾರ ಇವರ ಬೆಸ್ಟ್. 'ಮೈ ಲಾಸ್ಟ್ ಸೆರೆನೇಡ್' ಹಾಕಿ ಕೇಳಿ. ಅರಚಾಟ ನಡೀತಾ ಇರುವಾಗಲೇ ಜೆಸ್ಸಿ ದನಿ ಬಿಚ್ಚಿ ರಾಗವಾಗಿ ಹಾಡೋಕೆ ಶುರು ಮಾಡ್ತಾನೆ. ಆ ಕೋರಸ್ಸು ಒಮ್ಮೆ ಕೇಳಿದರೆ ದಿನವಿಡೀ ಬಾಯಲ್ಲಿ. ಆಮೇಲೆ ಬಂದ ಎಷ್ಟೋ ಮೆಟಲ್‌ಕೋರ್ (ಹೆವಿ ಮೆಟಲ್, ಹಾರ್ಡ್‌ಕೋರ್ ಪಂಕ್ ಎರಡೂ ಬೆರೆತ ಸಂಗೀತ) ಬ್ಯಾಂಡುಗಳು ಇದನ್ನೇ ಸೂತ್ರ ಮಾಡಿಕೊಂಡವು. ಬಹುಪಾಲು ಸಪ್ಪೆ, ಅದು ಬೇರೆ ಮಾತು. ಆ ಆಲ್ಬಂನಲ್ಲಿ ಡ್ರಮ್ಸ್ ಆಡಂನದು, ಪ್ರೊಡಕ್ಷನ್ನೂ ಅವನದೇ. ಆಮೇಲೆ ಅವನು ಗಿಟಾರ್ ಹಿಡಿದು ಮುಂದೆ ಬಂದ. ತುಂಡು ಚಡ್ಡಿ, ಬೆನ್ನಿಗೊಂದು ಕೇಪ್, ಹಾಡಿನ ನಡುವೆ ಪೋಲಿ ಜೋಕು. ಆ ಗಂಭೀರ ಹಾಡುಗಳನ್ನು ಮಾಡಿದ್ದು ಇದೇ ಆಸಾಮಿ ಅಂದರೆ ನಂಬೋದು ಕಷ್ಟ.

ಅದೇ ವರ್ಷ ಜೆಸ್ಸಿ ಬಿಟ್ಟ. ಖಿನ್ನತೆ, ಜೊತೆಗೆ ಗಂಟಲಿನ ತೊಂದರೆ. ಜಾಗಕ್ಕೆ ಬಂದದ್ದು ಬ್ಲಡ್ ಹ್ಯಾಸ್ ಬೀನ್ ಶೆಡ್ ಬ್ಯಾಂಡಿನ ಹವರ್ಡ್. ಮರುವರ್ಷ ಅಲ್ಲಿಂದಲೇ ಡ್ರಮ್ಮರ್ ಜಸ್ಟಿನ್ ಫೋಲಿ. ಅಂದ್ರೆ ಇನ್ನೊಂದು ಬ್ಯಾಂಡಿನ ಆಳುಗಳು! 2004ರ 'ದಿ ಎಂಡ್ ಆಫ್ ಹಾರ್ಟೇಕ್' ಹಾಡು ಗ್ರ್ಯಾಮಿ ನಾಮಿನೇಷನ್‌ವರೆಗೆ ಹೋಯಿತು. 2012ರಲ್ಲಿ ಹವರ್ಡ್ ಬ್ಯಾಂಡ್ ಬಿಟ್ಟ, ಜೆಸ್ಸಿ ವಾಪಸ್ ಬಂದ.

2019ರಲ್ಲಿ 'ದಿ ಸಿಗ್ನಲ್ ಫೈರ್' ಹಾಡಿಗೆ ಇಬ್ಬರೂ ಒಟ್ಟಿಗೆ ದನಿ ಕೊಟ್ಟರು. ಅವರಿಗೇ ಇಲ್ಲದ ಜಗಳ ನಮಗ್ಯಾಕೆ ಅಲ್ವಾ? ಕಿತ್ತಾಡಲೇಬೇಕು ಅಂದ್ರೆ, ಆಡಂ ಡ್ರಮ್ಸ್ ಬಿಟ್ಟಿದ್ದು ಸರಿಯೋ ತಪ್ಪೋ ಅಂತ ಕಿತ್ತಾಡೋಣ ಬನ್ನಿ. ನಾನು ಸರಿ ಅನ್ನುವ ಕಡೆ.